ಕಿಲ್ ಸ್ವಿಚ್ ಒಂದನ್ನೇ ನಂಬಬೇಡಿ

ಮನೆಯಲ್ಲೇ ಇಗ್ನಿಷನ್ ಕಟ್ಟುವವರು ಮೊದಲು ತಿಳಿಯಬೇಕಾದ್ದು, ನಿಮ್ಮ ಕಿಲ್ ಸ್ವಿಚ್, ಅಂದ್ರೆ ಇಂಜಿನ್ ನಿಲ್ಲಿಸುವ ಸ್ವಿಚ್, ಕಿಡಿಯನ್ನು ಹೇಗೆ ನಿಲ್ಲಿಸುತ್ತದೆ ಅನ್ನೋದು. ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಕಾಯಿಲ್‌ನಲ್ಲಿ ಅದು 12 ವೋಲ್ಟ್ ಸಪ್ಲೈ ಕಡಿಯುತ್ತದೆ. ಮ್ಯಾಗ್ನೆಟೋದಲ್ಲಿ (ಬ್ಯಾಟರಿ ಇಲ್ಲದೆ, ತಿರುಗುವ ಆಯಸ್ಕಾಂತದಿಂದ ಕಿಡಿ ಹುಟ್ಟಿಸುವ ಸಾಧನ) ಉಲ್ಟಾ, ಸ್ವಿಚ್ಚಿಗೆ ಬರುವ ಕಿಲ್ ವೈರನ್ನು ಇಂಜಿನ್ ಬಾಡಿಗೆ ಅರ್ತ್ ಮಾಡುತ್ತದೆ.

ಇದು ಸಣ್ಣ ವ್ಯತ್ಯಾಸ ಅಲ್ಲ. ಬ್ಯಾಟರಿ ಸಿಸ್ಟಮ್‌ನಲ್ಲಿ ಸ್ವಿಚ್ಚಿನ ವೈರ್ ತುಂಡಾದರೆ ಇಂಜಿನ್ ತಾನಾಗೇ ನಿಲ್ಲುತ್ತದೆ, ಆದರೆ ಮ್ಯಾಗ್ನೆಟೋದಲ್ಲಿ ವೈರ್ ತುಂಡಾದರೆ ಅಥವಾ ಅರ್ತ್ ಜಾಗದಲ್ಲಿ ತುಕ್ಕು ಹಿಡಿದರೆ, ಎಷ್ಟು ಸಲ ಒತ್ತಿದರೂ ಅದು ಓಡುತ್ತಲೇ ಇರುತ್ತದೆ. ಅದಕ್ಕೇ ಪೆಟ್ರೋಲ್ ಕಾಕ್ ಕೈಗೆ ಸಿಗುವಂತಿರಲಿ. ಕಾಕ್ ತಿರುಗಿಸಿದರೂ ಕಾರ್ಬ್ಯುರೇಟರಲ್ಲಿ ಉಳಿದ ಪೆಟ್ರೋಲಿನಿಂದ ಸ್ವಲ್ಪ ಹೊತ್ತು ಓಡುತ್ತದೆ, ತುರ್ತಿನಲ್ಲಿ ಚೋಕ್ ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಬೇಗ ನಿಲ್ಲುತ್ತದೆ.

ಮ್ಯಾಗ್ನೆಟೋದ ಕಿಲ್ ವೈರಿಗೆ ಬ್ಯಾಟರಿಯ 12 ವೋಲ್ಟ್ ಕೊಡಲೇಬೇಡಿ, ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ದಪ್ಪ ವೈರಿನ ಮಧ್ಯೆ ಸ್ವಿಚ್ ಹಾಕುವುದಂತೂ ಅಪಾಯ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಕೆಲವು ಸಿಡಿಐಗಳ (ಕೆಪಾಸಿಟರ್‌ನಿಂದ ಕಿಡಿ ಕೊಡುವ ಎಲೆಕ್ಟ್ರಾನಿಕ್ ಇಗ್ನಿಷನ್) ಕಿಲ್ ವೈರಿನಲ್ಲೂ ನೂರಾರು ವೋಲ್ಟ್ ಬರುತ್ತದೆ, ಹಾಗಾಗಿ ಒಳ್ಳೆ ಇನ್ಸುಲೇಷನ್ ಇರುವ ಸ್ವಿಚ್ಚೇ ಬೇಕು.

ಇನ್ನೊಂದು ಮಿತಿ ಇದೆ. ಇಂಜಿನ್ ಒಳಗೆ ಕಾರ್ಬನ್ ಕೆಂಡದಂತೆ ಕಾದಿದ್ದರೆ ಕಿಡಿ ಇಲ್ಲದೆಯೂ ಪೆಟ್ರೋಲ್ ಉರಿದು ಇಂಜಿನ್ ಓಡಬಹುದು. ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಕಿಲ್ಲ, ಇಂಧನವನ್ನೇ ತಡೆಯಬೇಕು.

ರಿಪೇರಿಗೆ ಕೈಹಾಕುವ ಮುಂಚೆ ಸ್ವಿಚ್ ಆಫ್ ಇದೆ ಅಂತ ಸುಮ್ನೆ ನಂಬಬೇಡಿ, ಪ್ಲಗ್ ಕ್ಯಾಪ್ ಕಳಚಿ ಪ್ಲಗ್ಗಿನಿಂದ ದೂರ ಇಡಿ. ಕೆಲಸ ಮುಗಿದ ಮೇಲೆ ಐಡಲ್‌ನಲ್ಲಿ ಓಡಿಸಿ ಸ್ವಿಚ್ ಒತ್ತಿ, ನಿಲ್ಲದಿದ್ದರೆ ಆ ಇಂಜಿನ್ನಿಗೆ ಲೋಡ್ ಹಾಕಬೇಡಿ.