ಕಾಗದದ ಅಂಗಿ, ಹುಣಸೆಮರ: ಉರ್ದು ಅನುವಾದದಲ್ಲಿ ನನ್ನ ಅನುಭವ

ಬುಲ್‌ಬುಲ್ ಇದ್ದಲ್ಲೆಲ್ಲ ಕೋಗಿಲೆ ಎಂದು ಬರೆದಿದ್ದೆ. ಉರ್ದುವಿನಿಂದ ಕನ್ನಡಕ್ಕೆ ನಾನು ಮಾಡಿದ ಮೊದಲ ಅನುವಾದದ ಮೊದಲ ತಪ್ಪು ಅದು.

ಆಗ ನನಗೆ ನಲವತ್ತೆರಡು ವಯಸ್ಸು, ರಾಯಚೂರಿನಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ನಾನು ಅವರನ್ನು ಸಾಹೇಬರೇ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ತರರೇ ಎನ್ನುತ್ತಿದ್ದರು. ಅಲಿಫ್, ಬೇ, ಪೇಯಿಂದ ಹಿಡಿದು ಗಾಲಿಬನ ತನಕ ನನ್ನನ್ನು ಕೈಹಿಡಿದು ನಡೆಸಿದವರು ಅವರೇ. ನನ್ನ ಕೋಗಿಲೆಯನ್ನು ಓದಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, “ಮಾಸ್ತರರೇ, ಈ ಕೋಗಿಲೆಗೆ ಏನು ದುಃಖ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಕನ್ನಡದ ಕೋಗಿಲೆ ಚೈತ್ರದ ಹಕ್ಕಿ, ಮಾವಿನ ಚಿಗುರಿನ ಹಕ್ಕಿ. ಅದಕ್ಕೆ ಒಂದು ಋತುವಿದ್ದರೆ ಸಾಕು. ಉರ್ದುವಿನ ಬುಲ್‌ಬುಲ್‌ಗೆ ಋತು ಸಾಲದು, ಗುಲಾಬಿಯೇ ಬೇಕು. ಆ ಗುಲಾಬಿಯೋ ಉತ್ತರ ಕೊಡುವುದಿಲ್ಲ, ಎರಡು ದಿನ ಅರಳಿ ಉದುರಿಹೋಗುತ್ತದೆ. ಇವೆರಡರ ಸುತ್ತ ಒಂದು ಸಂಸಾರವೇ ಇದೆ: ತೋಟದ ಮಾಲಿ, ಹೂ ಕೀಳುವ ಗುಲ್‌ಚೀನ್, ಬಲೆ ಹಾಕುವ ಸೈಯಾದ್, ಪಂಜರ, ಗೂಡು, ಆ ಗೂಡಿನ ಮೇಲೆಯೇ ಬಂದು ಬೀಳುವ ಸಿಡಿಲು. ಕವಿ ಒಂದನ್ನು ಮುಟ್ಟಿದರೆ ಉಳಿದವೆಲ್ಲ ಮಿಡಿಯುತ್ತವೆ. ಕೋಗಿಲೆಯನ್ನು ತಂದು ಕೂರಿಸಿದ ನಾನು ಇಡೀ ಸಂಸಾರವನ್ನೇ ಮನೆಯಿಂದ ಹೊರಗೆ ಹಾಕಿದ್ದೆ. ಆಮೇಲೆ ಹಟಕ್ಕೆ ಬಿದ್ದು ‘ಪಿಕಳಾರ’ ಎಂದೂ ಬರೆದು ನೋಡಿದೆ. ನಮ್ಮ ಬೇಲಿಗಳಲ್ಲಿ ಕಾಣುವ ಬುಲ್‌ಬುಲ್‌ಗೆ ಕನ್ನಡದ ಹೆಸರು ಅದು. ಆದರೆ ಫಾರ್ಸಿ ಕಾವ್ಯದಿಂದ ಉರ್ದುವಿಗೆ ಹಾರಿಬಂದ ಬುಲ್‌ಬುಲ್ ಬೇರೆಯೇ ಹಕ್ಕಿ. ‘ಪಿಕಳಾರ’ ಎಂದೊಡನೆ ಓದುವವನು ದುಃಖ ಬಿಟ್ಟು ದುರ್ಬೀನು ಹುಡುಕುತ್ತಾನೆ. ಕೊನೆಗೆ ಬುಲ್‌ಬುಲ್ ಬುಲ್‌ಬುಲ್ ಆಗಿಯೇ ಉಳಿಯಿತು.

ಈ ತಪ್ಪಿನ ಹಿಂದೆ ಇನ್ನೊಂದು ದೊಡ್ಡ ತಪ್ಪಿತ್ತು. ಅಲ್ಲಮನ ಬೆಡಗಿನ ವಚನಗಳನ್ನು ವರ್ಷವರ್ಷವೂ ಪಾಠ ಮಾಡಿದವನು ನಾನು. ಸಂಕೇತ ಎಂದರೆ ಬೀಗ, ಅದಕ್ಕೊಂದು ಕೀಲಿ ಇರಲೇಬೇಕು ಎಂಬ ಅಭ್ಯಾಸ ನನ್ನ ಕೈಗೆ ಹತ್ತಿತ್ತು. ಹಾಗಾಗಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಸಾಕಿ, ಬಲಕ್ಕೆ ಗುರು. ಎಡಕ್ಕೆ ಮದ್ಯ, ಬಲಕ್ಕೆ ಭಕ್ತಿ. ಎಡಕ್ಕೆ ಪತಂಗ, ಬಲಕ್ಕೆ ಜೀವಾತ್ಮ ಎಂದು ಪಟ್ಟಿ ಬರೆದಿದ್ದೆ. ಸಾಹೇಬರು ಅದನ್ನು ತಿರುವಿಹಾಕಿ ಬಹಳ ಹೊತ್ತು ನಕ್ಕರು. “ಸಾಕಿ ಗುರುವೂ ಹೌದು, ಬಟ್ಟಲಿಗೆ ಹೊಯ್ಯುವ ಹುಡುಗನೂ ಹೌದು. ನೀವು ಹುಡುಗನನ್ನು ಹೊರಗೆ ಕಳಿಸಿದರೆ ಗುರುವೂ ಅವನ ಹಿಂದೆಯೇ ಎದ್ದುಹೋಗುತ್ತಾನೆ” ಎಂದರು. ಆ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮುಂದೆ ನನ್ನ ಮಗಳು ಗಣಿತ ಮಾಡಿದಳು.

ಗಜಲಿನ ಸಂಕೇತ ಯಾವೊಬ್ಬ ಕವಿಯ ಖಾಸಗಿ ಸ್ವತ್ತಲ್ಲ. ಅದು ಊರಿನ ಬಾವಿ. ಎಲ್ಲರೂ ಅಲ್ಲಿಯೇ ನೀರು ಸೇದಬೇಕು, ಯಾರ ಕೊಡ ಹೇಗೆ ತುಂಬಿತು ಎಂಬುದಷ್ಟೇ ಮಾತು. ಪಂಜರದ ಮಾತನ್ನು ಉರ್ದುವಿನಲ್ಲಿ ಆಡದ ಕವಿಯೇ ಇಲ್ಲವೇನೋ. ಫೈಜ್ ಅಹ್ಮದ್ ಫೈಜ್ 1951ರಲ್ಲಿ ರಾವಲ್ಪಿಂಡಿ ಪಿತೂರಿ ಮೊಕದ್ದಮೆಯಲ್ಲಿ ಸೆರೆಯಾಗಿ 1955ರ ತನಕ ಜೈಲಿನಲ್ಲಿದ್ದರು. ಆ ದಿನಗಳ ಗಜಲುಗಳಲ್ಲಿ ಅದೇ ಹಳೆಯ ಪಂಜರ, ಅದೇ ಸೈಯಾದ್, ಅದೇ ತೋಟದ ಗಾಳಿ. ಒಂದು ಪದವೂ ಹೊಸದಲ್ಲ, ಆದರೆ ಪಂಜರಕ್ಕೆ ನಿಜವಾದ ಕಬ್ಬಿಣದ ಸರಳು ಬಂದುಬಿಟ್ಟಿತ್ತು. ಇದನ್ನು ಅನುವಾದಿಸುವಾಗ ‘ಪಂಜರ’ವನ್ನು ‘ಸೆರೆಮನೆ’ ಮಾಡುವ ಆಸೆ ಬರುತ್ತದೆ. ನನಗೂ ಬಂದಿತ್ತು. ಹಾಗೆ ಮಾಡಿದ ಸಾಲು ಸುದ್ದಿಯಂತೆ ಕೇಳಿಸಿತು, ಹೊಡೆದುಹಾಕಿದೆ.

ಫೈಜರೇ 1947ರ ಆಗಸ್ಟಿನ ಬೆಳಗನ್ನು ‘ಶಬ್-ಗಜೀದಾ ಸಹರ್’ ಎಂದು ಕರೆದರು. ಗಜೀದಾ ಎಂದರೆ ಕಚ್ಚಿಸಿಕೊಂಡ. ಹಾವು ಕಚ್ಚಿದವನನ್ನು ಮಾರ್-ಗಜೀದಾ ಎನ್ನುತ್ತಾರೆ. ನಾನು ಮೊದಲು ‘ಇರುಳಿನ ಕಲೆ ಉಳಿದ ಬೆಳಗು’ ಎಂದು ಬರೆದೆ. ಅಂದವಾಗಿತ್ತು, ಆದರೆ ಅದರಲ್ಲಿ ಹಲ್ಲಿರಲಿಲ್ಲ. ಈಗ ‘ಇರುಳು ಕಚ್ಚಿದ ಬೆಳಗು’ ಎಂದಿದೆ.

ಸಂಕೇತಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ವ್ಯಾಕರಣ. ಗಜಲಿನ ಪ್ರಿಯೆ ವ್ಯಾಕರಣದಲ್ಲಿ ಪುಲ್ಲಿಂಗ. ಆ ತೆರೆಯ ಹಿಂದೆ ಹೆಣ್ಣಿರಬಹುದು, ಗಂಡಿರಬಹುದು, ದೇವರಿರಬಹುದು, ದೊರೆಯಿರಬಹುದು. ಕನ್ನಡದ ಕ್ರಿಯಾಪದ ಹಾಗೆ ಬಿಡುವುದಿಲ್ಲ, ಬಂದನೋ ಬಂದಳೋ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತದೆ. ‘ಬಂದಳು’ ಎಂದರೆ ದೇವರು ಹೊರಗುಳಿಯುತ್ತಾನೆ, ‘ಬಂದನು’ ಎಂದರೆ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನೇ ಬಂದು ಕೂರುತ್ತಾನೆ. ನನಗೆ ಸಿಕ್ಕ ದಾರಿಗಳು ಎರಡು. ಒಂದು, ‘ನೀನು’. ‘ನೀನು ಬಂದೆ’ ಎಂಬಲ್ಲಿ ಲಿಂಗವಿಲ್ಲ. ಇನ್ನೊಂದು, ಗಾಲಿಬನ ಈ ಶೇರ್, ಅಂದರೆ ಎರಡು ಸಾಲಿನ ಪದ್ಯ, ಕಲಿಸಿದ್ದು:

ವೋ ಆಯೇಂ ಘರ್ ಮೇಂ ಹಮಾರೇ ಖುದಾ ಕೀ ಕುದ್‌ರತ್ ಹೈ
ಕಭೀ ಹಮ್ ಉನ್‌ಕೋ ಕಭೀ ಅಪ್‌ನೇ ಘರ್ ಕೋ ದೇಖ್‌ತೇ ಹೈಂ

ಇಲ್ಲಿ ಬಂದವರಿಗೆ ಗೌರವದ ಬಹುವಚನವಿದೆ. ಕನ್ನಡದಲ್ಲಿ ‘ಅವರು’ ಇದ್ದೇ ಇದೆಯಲ್ಲ! ಲಿಂಗದ ತೊಡಕು ಒಂದೇ ಏಟಿಗೆ ಕಳಚಿತು ಎಂದು ಹಿಗ್ಗಿದೆ. ರಾತ್ರಿ ಹೆಂಡತಿಗೆ ಓದಿ ಹೇಳಿದರೆ ಅವಳು ಮುಸಿಮುಸಿ ನಕ್ಕಳು. ನಮ್ಮ ಕಡೆ ‘ಅವರು ಮನೆಗೆ ಬಂದರು’ ಎಂದರೆ ಗಂಡ ಕಚೇರಿಯಿಂದ ಬಂದ ಎಂದೇ ಅರ್ಥ. ಗಾಲಿಬನ ಮನೆಗೆ ಬರಬೇಕಾದವರು ಕೈಯಲ್ಲಿ ತರಕಾರಿ ಚೀಲ ಹಿಡಿದು ಬಂದಂತಾಯಿತು. ಆದರೂ ‘ಅವರು’ ಬಿಡಲಿಲ್ಲ. ಎರಡನೆಯ ಸಾಲಿನ ಬೆರಗು ಆ ಚೀಲವನ್ನು ಕೆಳಗಿಳಿಸುತ್ತದೆ ಎಂಬ ನಂಬಿಕೆ ನನ್ನದು.

ಈ ಶೇರಿನಲ್ಲಿ ಸಂಕೇತವೇ ಇಲ್ಲ, ಇರುವುದೆಲ್ಲ ಕಥನ. ಮೊದಲ ಸಾಲಿನಲ್ಲಿ ಘಟನೆ, ಎರಡನೆಯದರಲ್ಲಿ ಕಣ್ಣಿನ ಓಡಾಟ. ಅವರ ಕಡೆಗೆ, ಮನೆಯ ಕಡೆಗೆ, ಮತ್ತೆ ಅವರ ಕಡೆಗೆ. ಮನೆ ಹೇಗಿದೆ ಎಂದು ಕವಿ ಹೇಳುವುದಿಲ್ಲ. ನಾನು ಬಿಡುತ್ತೇನೆಯೇ? ‘ಬಿರುಕು ಬಿಟ್ಟ ಗೋಡೆಯನ್ನು’ ಎಂದು ಸೇರಿಸಿದ್ದೆ. ಸಾಹೇಬರು ಪೆನ್ಸಿಲ್ಲಿನಿಂದ ಅದರ ಸುತ್ತ ಒಂದು ಸೊನ್ನೆ ಸುತ್ತಿ, “ಗೋಡೆ ಬಿರುಕು ಬಿಟ್ಟಿದೆ ಎಂದು ಗಾಲಿಬ್ ನಿಮಗೆ ಹೇಳಿದನೇ?” ಎಂದರು. ಓದುವವನು ತನ್ನ ಮನೆಯನ್ನೇ ನೋಡಿಕೊಳ್ಳಬೇಕಾದ ಜಾಗದಲ್ಲಿ ನಾನು ನನ್ನ ಮನೆಯ ಗೋಡೆ ಕಟ್ಟಿದ್ದೆ. ಈಗಿನ ರೂಪ ಇದು:

ಅವರು ನಮ್ಮ ಮನೆಗೆ ಬರುವುದೆಂದರೆ, ದೇವರೇ ಬಲ್ಲ ಮಾಯೆ!
ಒಮ್ಮೆ ಅವರನ್ನು, ಒಮ್ಮೆ ನಮ್ಮ ಮನೆಯನ್ನು ನೋಡುತ್ತೇವೆ.

ಇಲ್ಲೊಂದು ಅನುಕೂಲವನ್ನೂ ಹೇಳಬೇಕು. ಗಜಲಿನ ರದೀಫ್, ಅಂದರೆ ಸಾಲಿನ ಕೊನೆಯಲ್ಲಿ ಮತ್ತೆಮತ್ತೆ ಬರುವ ಪದ, ಕನ್ನಡಕ್ಕೆ ಒಗ್ಗುತ್ತದೆ. ನಮ್ಮ ವಾಕ್ಯವೂ ಕ್ರಿಯಾಪದದಲ್ಲೇ ಮುಗಿಯುತ್ತದೆ. ಕಷ್ಟವಿರುವುದು ಅದರ ಹಿಂದೆ ಬರುವ ಪ್ರಾಸದಲ್ಲಿ, ಅಂದರೆ ಕಾಫಿಯಾದಲ್ಲಿ. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದ ಹಳಗನ್ನಡದ ಕಿವಿಗೆ ಸಾಲಿನ ಕೊನೆಗೆ ಕಾಯುವುದು ಹೊಸ ಅಭ್ಯಾಸ. ಗಜಲಿನ ಕೊನೆಯ ಶೇರ್ ಆದ ಮಕ್ತಾದಲ್ಲಿ ಕವಿಯ ಹೆಸರು ಬರುವುದನ್ನಂತೂ ಯಾರಿಗೂ ವಿವರಿಸಬೇಕಾಗಿಲ್ಲ. ಅಂಕಿತ ನೋಡಿ ಬೆಳೆದವರು ನಾವು. ವ್ಯತ್ಯಾಸ ಇಷ್ಟೇ, ವಚನದ ಅಂಕಿತದಲ್ಲಿ ಬರುವುದು ದೇವರ ಹೆಸರು, ಗಜಲಿನಲ್ಲಿ ಬರುವುದು ತನ್ನದೇ ಹೆಸರು.

ಗಾಲಿಬನ ದಿವಾನಿನ, ಅಂದರೆ ಕವನಸಂಗ್ರಹದ, ಮೊಟ್ಟಮೊದಲ ಶೇರ್ ನನ್ನನ್ನು ಮೂರು ವಾರ ಹಿಡಿದಿಟ್ಟಿತು.

ನಕ್ಶ್ ಫರಿಯಾದೀ ಹೈ ಕಿಸ್‌ಕೀ ಶೋಖೀ-ಎ-ತಹರೀರ್ ಕಾ
ಕಾಗಜೀ ಹೈ ಪೈರಹನ್ ಹರ್ ಪೈಕರ್-ಎ-ತಸ್ವೀರ್ ಕಾ

ಇರಾನಿನಲ್ಲಿ ನ್ಯಾಯ ಕೇಳಲು ಹೋಗುವವರು ಕಾಗದದ ಬಟ್ಟೆ ತೊಟ್ಟು ದೊರೆಯ ಮುಂದೆ ನಿಲ್ಲುವ ಪದ್ಧತಿ ಇತ್ತು ಎಂದು ಗಾಲಿಬನೇ ಒಂದು ಪತ್ರದಲ್ಲಿ ಬಿಡಿಸಿ ಹೇಳಿದ್ದಾನೆ. ಚಿತ್ರ ಇರುವುದು ಹೇಗೂ ಕಾಗದದ ಮೇಲೆ. ಹಾಗಾದರೆ ಬರೆಯಲ್ಪಟ್ಟ ಪ್ರತಿಯೊಂದು ರೂಪವೂ ಬರೆದವನ ಮೇಲೆ ದೂರು ಹೊತ್ತು ನಿಂತಿದೆ. ಯಾರು ಆ ಬರೆದವನು? ಪ್ರಶ್ನೆ ಕೇಳಿ ಕವಿ ಸುಮ್ಮನಾಗುತ್ತಾನೆ.

ತಮಾಷೆಯೆಂದರೆ ಇದರ ಅರ್ಧ ಪದಗಳು ಕನ್ನಡದಲ್ಲಿ ಆಗಲೇ ಇವೆ. ಫರಿಯಾದೀ ನಮ್ಮ ಪೊಲೀಸ್ ಠಾಣೆಯ ಫಿರ್ಯಾದಿ. ನಕ್ಶ್‌ನ ಬಳಗದ ನಕ್ಷೆ ಸರ್ವೆ ಕಚೇರಿಯಲ್ಲಿ ಕುಳಿತಿದೆ. ‘ನಕ್ಷೆ’ ಎಂದು ಬರೆದರೆ ಹೊಲದ ಬಾಂದುಕಲ್ಲು ನೆನಪಾಗುತ್ತದೆ, ಅದನ್ನು ಕೈಬಿಟ್ಟೆ. ಆದರೆ ಫಿರ್ಯಾದಿಯನ್ನು ಬಿಡಲು ಮನಸ್ಸಾಗಲಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೈಯಲ್ಲಿ ಅರ್ಜಿ ಹಿಡಿದು ಬೇವಿನ ಮರದಡಿ ದಿನಗಟ್ಟಲೆ ಕುಳಿತವರನ್ನು ನೋಡದ ಕನ್ನಡಿಗ ಯಾರು? ಅವರೂ ಒಂದು ಲೆಕ್ಕಕ್ಕೆ ಕಾಗದ ತೊಟ್ಟವರೇ.

ಯಾರ ತುಂಟ ಲೇಖನಿಯ ಮೇಲೆ ಈ ಚಿತ್ರ ಫಿರ್ಯಾದಿ?
ಬರೆದ ರೂಪ ರೂಪವೂ ಕಾಗದದ ಅಂಗಿ ತೊಟ್ಟಿದೆ.

ಇದನ್ನು ಒಂದು ಮಾಸಪತ್ರಿಕೆಗೆ ಕಳಿಸಿದೆ. ಅಡಿಟಿಪ್ಪಣಿ ಬರೆಯಿರಿ ಎಂದು ಹಿಂದಕ್ಕೆ ಬಂತು. ಬರೆದೆ, ಐದು ಸಾಲು. ಅಚ್ಚಾದ ಮೇಲೆ ಸಿಕ್ಕವರೆಲ್ಲ ಟಿಪ್ಪಣಿಯನ್ನೇ ಹೊಗಳಿದರು.

ಕಾದಂಬರಿಗೆ ಕೈಹಾಕಿದ್ದು ನಿವೃತ್ತಿಯಾದ ಮೇಲೆ. ಮಿರ್ಜಾ ಹಾದಿ ರುಸ್ವಾನ ‘ಉಮ್ರಾವ್ ಜಾನ್ ಅದಾ’ (1899). ಸಿನಿಮಾದಿಂದ ಗೊತ್ತಿರುವ ಕತೆ ಎಂದು ಜನ ಎನ್ನುತ್ತಾರೆ. ಆದರೆ ಪುಸ್ತಕದ ಜೀವವಿರುವುದು ಕತೆ ಹೇಳುವ ಬಗೆಯಲ್ಲಿ. ಲಖನೌದ ಚೌಕದಲ್ಲಿ ಗೆಳೆಯನ ಬಾಡಿಗೆ ಕೋಣೆ, ನಾಲ್ಕಾರು ಜನರ ಕಾವ್ಯಗೋಷ್ಠಿ. ಯಾರೋ ಒಂದು ಶೇರ್ ಹೇಳುತ್ತಾರೆ, ಪಕ್ಕದ ಮನೆಯ ಕಿಟಕಿಯ ಆಚೆಯಿಂದ “ವಾಹ್ ವಾಹ್” ಎಂಬ ಹೆಣ್ಣಿನ ದನಿ ಬರುತ್ತದೆ. ನಾಯಕಿ, ಗಣಿಕೆ ಉಮ್ರಾವ್, ಕಾದಂಬರಿಯೊಳಗೆ ಕಾಲಿಡುವುದು ಹೀಗೆ. ರೂಪಸಿಯಾಗಿ ಅಲ್ಲ, ಕಾವ್ಯದ ಕಿವಿಯಾಗಿ. ಆಮೇಲೆ ಅವಳು ಹೇಳುತ್ತಾಳೆ, ರುಸ್ವಾ ಕೇಳುತ್ತಾನೆ. ಲೇಖಕನೇ ಪಾತ್ರ, ಅದರಲ್ಲೂ ಅವಳನ್ನು ಕೆಣಕುವ ಪಾತ್ರ. ಅವಳಿಗೆ ತಿಳಿಯದಂತೆ ಎಲ್ಲವನ್ನೂ ಬರೆದಿಟ್ಟುಕೊಂಡು ಕೊನೆಗೆ ಹಸ್ತಪ್ರತಿಯನ್ನು ಅವಳ ಕೈಗೇ ಕೊಡುತ್ತಾನೆ. ಹರಿದು ಚೂರು ಮಾಡುವಷ್ಟು ಸಿಟ್ಟು ಬಂದಿತ್ತು ಎಂದು ಅವಳೇ ಹೇಳುತ್ತಾಳೆ. ಆ ಮಾತೂ ಪುಸ್ತಕದಲ್ಲಿದೆ.

ಇದರಲ್ಲಿ ನನಗೆ ಬೆವರಿಳಿಸಿದ್ದು ಮಾತಿನ ನಡುವೆ ಬರುವ ಶೇರುಗಳು. ಮೊದಲ ಕರಡಿನಲ್ಲಿ ಅವನ್ನು ಅಲಂಕಾರವೆಂದು ತಿಳಿದು ಕೆಲವನ್ನು ಕೈಬಿಟ್ಟಿದ್ದೆ. ಮತ್ತೆ ಓದುವಾಗ ಗೊತ್ತಾಯಿತು, ಉಮ್ರಾವ್ ಗದ್ಯದಲ್ಲಿ ಹೇಳಲಾಗದ ಜಾಗಕ್ಕೆ ಬಂದಾಗ ಪದ್ಯ ಬರುತ್ತದೆ. ಅವಳು ಶೇರ್ ಹೇಳಿದಳೆಂದರೆ ಅಲ್ಲಿ ಏನನ್ನೋ ಮುಚ್ಚಿಟ್ಟಳು ಎಂದು ಲೆಕ್ಕ. ಬಿಟ್ಟದ್ದನ್ನೆಲ್ಲ ಮತ್ತೆ ಸೇರಿಸಿದೆ. ಕೆಲಸ ಎಂಟು ತಿಂಗಳು ಹಿಂದೆ ಬಿತ್ತು.

ಇಂತಿಜಾರ್ ಹುಸೇನರ ‘ಬಸ್ತಿ’ ಕಾದಂಬರಿಯ (1979) ಕೆಲವು ಪುಟಗಳನ್ನೂ ಕನ್ನಡಕ್ಕೆ ತಂದು ನೋಡಿದೆ. 1971ರ ಯುದ್ಧದ ಲಾಹೋರಿನಲ್ಲಿ ಇತಿಹಾಸ ಕಲಿಸುವ ಝಾಕಿರನ ಮನಸ್ಸಿನಲ್ಲಿ ಬಿಟ್ಟುಬಂದ ರೂಪನಗರ, ಕೂಫಾ, ಕರ್ಬಲಾ ಎಲ್ಲ ಒಂದರೊಳಗೊಂದು ಹಾಯುತ್ತವೆ. ಕರ್ಬಲಾಕ್ಕೆ ಟಿಪ್ಪಣಿ ಬೇಕೇ ಎಂದು ಯೋಚಿಸುತ್ತಿದ್ದಾಗ ಹಲಗೆಯ ಸದ್ದು ಕೇಳಿಸಿತು, ಮೊಹರಂ ಬಂದಿತ್ತು. ನಮ್ಮ ಕಡೆ ಅಲೈದೇವರ ಮುಂದೆ ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಹಸನ್ ಹುಸೇನರ ದಾಹದ ಕತೆಯನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲಿಯೇ ಹಾಡುತ್ತಾರೆ. ಟಿಪ್ಪಣಿ ಬರೆಯಲಿಲ್ಲ.

‘ಉಮ್ರಾವ್ ಜಾನ್ ಅದಾ’ದ ಅನುವಾದ ಈಗ ನಿಂತಿರುವುದು ಒಂದು ಮರದ ಬಳಿ. ಫೈಜಾಬಾದಿನ ಹುಡುಗಿ ಅಮೀರನ್, ದಿಲಾವರ್ ಖಾನನ ಕೈಗೆ ಸಿಕ್ಕಿ ಲಖನೌದಲ್ಲಿ ಮಾರಾಟವಾಗಿ ಉಮ್ರಾವ್ ಆದವಳು, 1857ರ ದಂಗೆಯ ನಂತರ ಅದೇ ಫೈಜಾಬಾದಿನಲ್ಲಿ ಹಾಡು-ಕುಣಿತದ ಒಂದು ಮುಜ್ರಾಕ್ಕೆ ಹೋಗುತ್ತಾಳೆ. ಹೋದ ಜಾಗದಲ್ಲಿ ಹುಣಸೆಮರವಿದೆ. ತಾನು ಚಿಕ್ಕಂದಿನಲ್ಲಿ ಅದರಡಿ ಆಡಿದ ಮರ, ಇದು ತನ್ನದೇ ಮನೆಯ ಅಂಗಳ. ತಾಯಿ ಎದುರಾಗುವುದು ಆಮೇಲೆ, ಮೊದಲು ಸಿಗುವುದು ಮರ. ರುಸ್ವಾ ಆ ಮರವನ್ನು ಸಂಕೇತ ಮಾಡಲು ಹೋಗುವುದಿಲ್ಲ. ಅದು ಬರೀ ಹುಣಸೆಮರ, ಅದಕ್ಕೇ ಎದೆಗೆ ಬಡಿಯುತ್ತದೆ.

ಇಷ್ಟು ದಿನ ಒಂದು ಪದವೂ ತಕರಾರಿಲ್ಲದೆ ಕನ್ನಡಕ್ಕೆ ಬಂದದ್ದಿಲ್ಲ, ಇದಾದರೂ ಬಂತಲ್ಲ ಎಂದುಕೊಂಡೆ. ಆ ಅಧ್ಯಾಯವನ್ನು ಹೆಂಡತಿಗೆ ಓದಿದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. ಹುಣಸೆಮರ ಬಂದೊಡನೆ ಕೈ ನಿಲ್ಲಿಸಿ, “ಮುಸ್ಸಂಜೆಯಲ್ಲಿ ಹುಣಸೆಮರದಡಿ ಕುಣಿಸಿದರೇ? ದೆವ್ವ ಇರುವ ಜಾಗವಲ್ಲವೇ ಅದು?” ಎಂದಳು. ಮುಸ್ಸಂಜೆ ಎಂದು ನಾನು ಓದಿರಲಿಲ್ಲ, ಅದನ್ನು ಅವಳೇ ಸೇರಿಸಿಕೊಂಡಿದ್ದಳು.

ಮರುದಿನ ಸಾಹೇಬರಿಗೆ ಹೇಳಿದೆ. ಅವರಿಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಾನು ಓದುತ್ತೇನೆ, ಅವರು ಕೇಳುತ್ತಾರೆ. ಆ ಪುಟವನ್ನು ಎರಡು ಸಲ ಓದಿಸಿಕೊಂಡರು. ಏನನ್ನೂ ಹೇಳಲಿಲ್ಲ. ಮೂರನೆಯ ಸಲ ಓದಿ ಎಂದರು, ಮರ ಬರುವ ಜಾಗದಿಂದ.