ಎರಡು ಕೆಂಪು ಗೆರೆಗಳ ನಡುವಿನ ಮೀನು

ಬೆಳಗಾವಿಗೆ ಸಮುದ್ರ ಇಲ್ಲ. ಆದರೂ ಶನಿವಾರ ಬೆಳಕು ಹರಿಯುವ ಮೊದಲೇ ಮೀನು ಹಿಡಿಯುವ ರಾಡ್ ಕಟ್ಟಿಕೊಂಡು ಖಾನಾಪುರ, ರಾಮನಗರ, ಜೋಯಿಡಾ ದಾಟಿ ಕಾರವಾರಕ್ಕೆ ಇಳಿಯುವ ಹುಚ್ಚರು ನಮ್ಮಲ್ಲಿದ್ದೇವೆ. ನಾನು ಗಾಳ ಹಾಕೋದು ಕಲಿತದ್ದು ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ. ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಹತ್ತಿರ, ಮೊದಲ ಚೊಣಕ್ (ಇಂಗ್ಲಿಷಿನ ಸೀಬಾಸ್ ಮೀನು) ಎಳೆದಾಗ ರೀಲ್ ಕೂಗಿದ ಸದ್ದು ಇನ್ನೂ ಕಿವಿಯಲ್ಲಿದೆ.

ಆರು ವರ್ಷದ ಹಿಂದೆ, ಜೂನ್ ಮೊದಲ ವಾರ. ಒಂಬತ್ತು ಕಿಲೋದ ಚೊಣಕ್ ಸಿಕ್ಕಿತು. ಫೋಟೋ ತೆಗೆಸಿಕೊಂಡು, ಐಸ್ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ತಂದೆ. ಹೊಟ್ಟೆ ಸೀಳಿದರೆ ಎರಡು ಕೈ ತುಂಬ ಗಾಬೋಳಿ, ಅಂದರೆ ಮೀನಿನ ಮೊಟ್ಟೆ. ನನ್ನ ಹೆಂಡತಿ ಅದನ್ನು ತಾಟಿಗೆ ಹಾಕುತ್ತಾ ಕೇಳಿದಳು, "ಇಷ್ಟ ಗಾಬೋಳಿ ಅದ ಅಂದ್ರ, ಇದು ಬಸರಿ ಅಲ್ಲೇನ್ರಿ?" ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಚೊಣಕ್ ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು, ಮೈ ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ನಾವು ಎದೆಯುಬ್ಬಿಸಿ ಫೋಟೋ ತೆಗೆಸಿಕೊಳ್ಳುವ ದೊಡ್ಡ ಮೀನುಗಳೆಲ್ಲ ಹೆಚ್ಚುಕಡಿಮೆ ತಾಯಂದಿರೇ. ಮಳೆಗಾಲದಲ್ಲಿ ಅವು ನದಿಬಾಯಿಗೆ ಬರುವುದೇ ಮೊಟ್ಟೆ ಇಡಲು. ಒಂದೊಂದು ತಾಯಿ ಲಕ್ಷಗಟ್ಟಲೆ ಮೊಟ್ಟೆ ಹಾಕುತ್ತದೆ. ಗೋಬ್ರೊ (ಗ್ರೂಪರ್) ಮೀನಿನದು ಇದಕ್ಕೆ ಉಲ್ಟಾ. ಅದು ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಹಾಗಾಗಿ 'ಚಿಕ್ಕದನ್ನು ಬಿಡಿ, ದೊಡ್ಡದನ್ನು ಹಿಡಿಯಿರಿ' ಅನ್ನೋ ಒಂದೇ ಮಾತು ಎರಡಕ್ಕೂ ಸಾಲುವುದಿಲ್ಲ.

ನಾನು ಮಾಡಿಕೊಂಡ ವ್ಯವಸ್ಥೆ ಸರಳ. ರಾಡಿನ ಬುಡದಿಂದ ಅಳೆದು, ಮಗಳ ಉಗುರುಬಣ್ಣದಿಂದ ಎರಡು ಕೆಂಪು ಗೆರೆ ಎಳೆದೆ. 50 ಸೆಂಟಿಮೀಟರಿಗೆ ಒಂದು, 75ಕ್ಕೆ ಒಂದು. ಚೊಣಕ್ ಮೊದಲ ಗೆರೆ ಮುಟ್ಟದಿದ್ದರೆ ನೀರಿಗೆ. ಎರಡನೆಯದನ್ನು ದಾಟಿದರೂ ನೀರಿಗೆ. ನಡುವಿನದು ಸಿಕ್ಕರೆ ಒಂದೇ ಒಂದು ಮನೆಗೆ. ಇದು ಸರ್ಕಾರದ ಅಳತೆ ಅಲ್ಲ, ನನ್ನದು.

ಬಿಡುವುದು ಅಂದರೆ ಸುಮ್ನೆ ಎಸೆಯುವುದಲ್ಲ. ಮೊದಮೊದಲು ನಾನು ಬಿಟ್ಟ ಮೀನುಗಳಲ್ಲಿ ಎರಡು ಹೊಟ್ಟೆ ಮೇಲಾಗಿ ತೇಲಿದವು. ತಪ್ಪು ನನ್ನದೇ. ಬಿಸಿ ಬಂಡೆಯ ಮೇಲೆ ಮಲಗಿಸಿದ್ದೆ, ಒಣ ಟವೆಲ್‌ನಿಂದ ಹಿಡಿದಿದ್ದೆ. ಮೀನಿನ ಮೈಮೇಲಿನ ಲೋಳೆ ಅದರ ಕವಚ. ಅದು ಉಜ್ಜಿಹೋದರೆ ರೋಗ ಹತ್ತುತ್ತದೆ. ಈಗ ಮನೆಯಲ್ಲೇ ಇಕ್ಕಳದಿಂದ ಗಾಳದ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿಕೊಂಡು ಹೋಗುತ್ತೇನೆ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ಗಾಳ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಎರೆಯಾಗಿ ಸಿಗಡಿ ಕಟ್ಟುವಾಗ ದುಂಡು ಗಾಳ ಬಳಸುತ್ತೇನೆ. ಅದು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಗೆ ಸಿಗುವುದೇ ಜಾಸ್ತಿ. ಅಕಸ್ಮಾತ್ ನುಂಗಿದ್ದರೆ ಜಗ್ಗಾಡುವುದಿಲ್ಲ, ದಾರವನ್ನೇ ಹತ್ತಿರಕ್ಕೆ ಕತ್ತರಿಸುತ್ತೇನೆ.

ಕೈ ಒದ್ದೆ ಮಾಡಿಕೊಳ್ಳಬೇಕು. ಚೊಣಕಿನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ, ಅಲ್ಲಿ ಬೆರಳು ಇಡಬಾರದು. ದವಡೆ ಹಿಡಿದು ನೇತಾಡಿಸಿದರೆ ದೊಡ್ಡ ಮೀನಿನ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು ಅಡ್ಡವಾಗಿಯೇ ಎತ್ತಬೇಕು. ಎಷ್ಟು ಹೊತ್ತು? ಮೀನನ್ನು ಎತ್ತಿದಾಗ ನಾನೂ ಉಸಿರು ಕಟ್ಟುತ್ತೇನೆ. ನನಗೆ ಕಷ್ಟವಾದ ಕೂಡಲೇ ಅದನ್ನು ನೀರಿಗಿಳಿಸುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, 61 ದಿನ. ಅವುಗಳಲ್ಲಿ ಹೊಟ್ಟೆಪಾಡಿಗೆ ಮೀನು ಹಿಡಿಯುವವರು ಎರಡು ತಿಂಗಳು ದುಡಿಮೆ ಬಿಟ್ಟು ಕೂರುತ್ತಾರೆ. ಖುಷಿಗೆ ಹಿಡಿಯುವ ನಾವು ಅದೇ ಹೊತ್ತಿಗೆ ಗಾಳ ಹಿಡಿದು ಬಂಡೆಯ ಮೇಲೆ ನಿಲ್ಲುವುದು ಸರಿಯಾ? ನನಗೆ ಸರಿ ಕಾಣಲಿಲ್ಲ. ಆ ಎರಡು ತಿಂಗಳು ನನ್ನ ರಾಡ್ ಅಟ್ಟದ ಮೇಲೆ. ಹಿಡಕಲ್‌ಗೂ ಹೋಗುವುದಿಲ್ಲ. ಹೊಸ ನೀರು ಬಂದಾಗ ಕಾಟ್ಲಾ, ರೋಹು ಮೊಟ್ಟೆ ಇಡುವ ಸಮಯ ಅದು. ತಿನ್ನುವ ಆಸೆಯಾದರೆ ಕಾರವಾರದ ಕಡೆ ಪಂಜರದಲ್ಲಿ ಸಾಕಿದ ಚೊಣಕ್ ಸಿಗುತ್ತದಾ ವಿಚಾರಿಸುತ್ತೇನೆ.

ಹೋದ ನವೆಂಬರಿನಲ್ಲಿ, ಉಬ್ಬರ ಇಳಿಯುವ ಹೊತ್ತಿಗೆ, ಎರಡನೇ ಗೆರೆಯನ್ನು ಒಂದು ಗೇಣು ದಾಟಿದ ಚೊಣಕ್ ಬಂತು. ಮೊಣಕಾಲು ನೀರಲ್ಲಿ ನಿಂತು ಅದರ ಮುಖವನ್ನು ಹರಿವಿಗೆ ಎದುರು ಹಿಡಿದೆ. ಕಿವಿರು ಒಮ್ಮೆ ಅರಳಿತು, ಮತ್ತೆ ಅರಳಿತು. ಬಾಲದ ಬುಡ ನನ್ನ ಅಂಗೈಯಲ್ಲಿ ಗಟ್ಟಿಯಾಗುವುದು ಗೊತ್ತಾಯಿತು. ಒಂದೇ ಒದೆತ, ಮುಖಕ್ಕೆಲ್ಲ ಉಪ್ಪುನೀರು. ಮನೆ ತಲುಪಿದಾಗ ಹೆಂಡತಿ ಖಾಲಿ ಪೆಟ್ಟಿಗೆ ನೋಡಿ, "ದೊಡ್ಡದ ಇತ್ತೇನ್ರಿ?" ಅಂದಳು. ಕೈ ಅಗಲಿಸಿ ತೋರಿಸಿದೆ.