ಸೀಸನ್ ಕೊನೆಯ ಡರ್ಬಿ ಪಂದ್ಯಗಳಿಗೆ ನಾನು ಮುನ್ನೋಟ ಬರೆಯುವ ಬಗೆ

ರೋಲರ್ ಡರ್ಬಿ ಎಂದರೆ ಚಕ್ರದ ಸ್ಕೇಟ್ ಹಾಕಿ ಟ್ರ್ಯಾಕ್ ಸುತ್ತುತ್ತಾ ಆಡುವ ತಂಡದ ಆಟ. ನಮ್ಮ ಲೀಗಿನಲ್ಲಿ ಕಪ್ಪು, ಹಸಿರು, ನೀಲಿ, ಕೆಂಪು ಎಂದು ನಾಲ್ಕು ತಂಡಗಳಿವೆ. ಸೀಸನ್ ಮುಗಿಯುವ ದಿನ ಒಂದೇ ಸಂಜೆ ಎರಡು ಪಂದ್ಯ. ಮೊದಲನೆಯದು ಮೂರನೇ ಸ್ಥಾನಕ್ಕೆ, ಎರಡನೆಯದು ಪ್ರಶಸ್ತಿಗೆ. ಅದರ ಹಿಂದಿನ ವಾರ ಮುನ್ನೋಟ ಬರೆಯುವ ಕೆಲಸ ಹಲವು ಸೀಸನ್‌ಗಳಿಂದ ನನ್ನ ಪಾಲಿಗಿದೆ. ನಾನು ಟ್ರ್ಯಾಕ್ ಮೇಲೆ ಆಡಿದವಳಲ್ಲ, ಪಂದ್ಯದ ದಾಖಲೆ ಬರೆಯುವ ಸ್ವಯಂಸೇವಕರ ಸಾಲಿನಲ್ಲಿ ಕೂತವಳು. ಯಾವ ಜಾಮ್‌ನಲ್ಲಿ, ಅಂದರೆ ಪಂದ್ಯದ ಯಾವ ತುಂಡಿನಲ್ಲಿ, ಯಾರು ಇಳಿದರು, ಯಾರಿಗೆ ಪೆನಾಲ್ಟಿ ಬಿತ್ತು ಎಂದು ಗುರುತು ಹಾಕುತ್ತಾ ಹಾಕುತ್ತಾ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಯಿತು. ಈ ಆಟದಲ್ಲಿ ಕೊನೆಯ ಅಂಕ ನೋಡಿ ತಂಡವನ್ನು ಅಳೆಯಬಾರದು. ಆ ಅಂಕ ಯಾವ ಯಾವ ಜಾಮ್‌ನಲ್ಲಿ, ಹೇಗೆ ಬಂತು ಎಂದು ನೋಡಬೇಕು. ನನ್ನ ಮುನ್ನೋಟಗಳೆಲ್ಲ ನಿಂತಿರುವುದು ಇದರ ಮೇಲೆ.

ಆಟ ಗೊತ್ತಿಲ್ಲದವರಿಗಾಗಿ ಮುನ್ನೋಟದಲ್ಲಿ ಒಂದು ಪ್ಯಾರಾ ಕಡ್ಡಾಯವಾಗಿ ಇಡುತ್ತೇನೆ. ಇಲ್ಲೂ ಇಡುತ್ತೇನೆ. ಪಂದ್ಯ 60 ನಿಮಿಷ, 30 ನಿಮಿಷಗಳ ಎರಡು ಅರ್ಧ. ಆಟದ ಒಂದೊಂದು ತುಂಡಿಗೆ ಜಾಮ್ ಎನ್ನುತ್ತಾರೆ. ಅದು ಹೆಚ್ಚೆಂದರೆ 2 ನಿಮಿಷ ನಡೆಯುತ್ತದೆ, ಎರಡು ಜಾಮ್‌ಗಳ ನಡುವೆ 30 ಸೆಕೆಂಡು ಬಿಡುವು. ಪ್ರತಿ ತಂಡದಿಂದ ಐವರು ಇಳಿಯುತ್ತಾರೆ, ನಾಲ್ವರು ಬ್ಲಾಕರ್, ಒಬ್ಬಳು ಜಾಮರ್. ಹೆಲ್ಮೆಟ್ ಮೇಲೆ ನಕ್ಷತ್ರದ ಕವರ್ ಹಾಕಿದವಳೇ ಜಾಮರ್. ಬ್ಲಾಕರ್‌ಗಳ ಗುಂಪನ್ನು ಮೊದಲ ಸಲ ದಾಟಿದಾಗ ಅಂಕವಿಲ್ಲ. ನಿಯಮ ಮುರಿಯದೆ ಮೊದಲು ಹೊರಬಂದವಳು ಲೀಡ್ ಜಾಮರ್ ಆಗುತ್ತಾಳೆ. ಎರಡನೇ ಸಲದಿಂದ ದಾಟಿದ ಪ್ರತಿ ಎದುರಾಳಿ ಬ್ಲಾಕರ್‌ಗೆ ಒಂದು ಅಂಕ, ಗುಂಪನ್ನು ಒಂದು ಸಲ ದಾಟಿದರೆ ಹೆಚ್ಚೆಂದರೆ 4. ಲೀಡ್ ಜಾಮರ್ ಎರಡೂ ಕೈಯಿಂದ ಸೊಂಟ ತಟ್ಟಿದರೆ ಜಾಮ್ ಅಲ್ಲಿಗೇ ನಿಲ್ಲುತ್ತದೆ. ತಪ್ಪು ಮಾಡಿದವರು 30 ಸೆಕೆಂಡು ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು, ಏಳು ಪೆನಾಲ್ಟಿ ಆದರೆ ಆ ಪಂದ್ಯದಿಂದಲೇ ಹೊರಗೆ.

ಕಬಡ್ಡಿ ನೋಡಿದವರಿಗೆ ಅರ್ಧ ಆಟ ಆಗಲೇ ತಿಳಿದಂತೆ. ದಾಳಿಗೆ ಹೋಗುವವಳು ಒಬ್ಬಳೇ, ತಡೆಯುವವರು ಗುಂಪಾಗಿ ನಿಲ್ಲುತ್ತಾರೆ. ಆದರೆ ಕಬಡ್ಡಿಯಲ್ಲಿ ಕೈಗೆ ಕೈ ಸೇರಿಸಿ ಸರಪಳಿ ಕಟ್ಟಬಹುದು. ಡರ್ಬಿಯಲ್ಲಿ ಹಾಗೆ ಕೈ ಹೆಣೆದು ಜಾಮರ್‌ನ ದಾರಿ ಮುಚ್ಚಿದರೆ ಪೆನಾಲ್ಟಿ. ಗೋಡೆ ಕಟ್ಟಬೇಕಾದ್ದು ಭುಜ, ಸೊಂಟ, ಕಾಲಿನ ಬಲದಲ್ಲಿ. ಇನ್ನೊಂದು ವ್ಯತ್ಯಾಸ, ಇಲ್ಲಿ ಎರಡೂ ತಂಡದ ದಾಳಿಗಾರ್ತಿಯರು ಒಟ್ಟಿಗೇ ಹೊರಡುತ್ತಾರೆ. ಬ್ಲಾಕರ್‌ಗಳು ಒಂದೇ ಹೊತ್ತಿನಲ್ಲಿ ಎದುರಿನವಳನ್ನು ತಡೆಯಬೇಕು, ತಮ್ಮವಳಿಗೆ ದಾರಿ ಬಿಡಿಸಿಕೊಡಬೇಕು.

ಇನ್ನು ಕೆಲಸದ ವಿಷಯ. ಪಂದ್ಯವಾದ ಮೇಲೆ ಮೂರು ಬಗೆಯ ಹಾಳೆ ಉಳಿಯುತ್ತವೆ. ಅಂಕದ ಹಾಳೆ, ಪೆನಾಲ್ಟಿ ಹಾಳೆ, ಯಾವ ಜಾಮ್‌ಗೆ ಯಾರು ಇಳಿದರು ಎಂಬ ಹಾಳೆ. ಫೈನಲ್‌ಗೆ ಬಂದ ಎರಡು ತಂಡ ಆ ಸೀಸನ್‌ನಲ್ಲಿ ಆಡಿದ ಎಲ್ಲ ಪಂದ್ಯಗಳ ಹಾಳೆಗಳನ್ನು ಲೀಗಿನಿಂದ ಕೇಳಿ ಪಡೆಯುತ್ತೇನೆ. ಮೂರನ್ನೂ ಪಕ್ಕಪಕ್ಕ ಇಟ್ಟು ಜಾಮ್ ಒಂದಕ್ಕೆ ಒಂದು ಸಾಲಿನಂತೆ ನನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ. ಜಾಮರ್ ಯಾರು, ಲೀಡ್ ಯಾರಿಗೆ ಸಿಕ್ಕಿತು, ಎಷ್ಟು ಅಂಕ, ಬ್ಲಾಕರ್‌ಗಳು ಯಾರ್ಯಾರು, ಬಾಕ್ಸ್‌ನಲ್ಲಿ ಯಾರಿದ್ದರು. ಇದು ಬೇಸರದ ಕೆಲಸ ಎಂದು ಬೇರೆಯವರಿಗೆ ಅನ್ನಿಸಬಹುದು; ನನಗಂತೂ ಇಡೀ ಮುನ್ನೋಟದಲ್ಲಿ ಹೆಚ್ಚು ಖುಷಿ ಕೊಡುವ ಭಾಗ ಇದೇ. ಕೈಯಲ್ಲಿ ಬರೆಯುವಾಗ ಪಂದ್ಯ ಮತ್ತೆ ಕಣ್ಣೆದುರು ನಡೆಯುತ್ತದೆ.

ಆಮೇಲೆ ಒಂದು ಕೂಡಿಕೆ ಮಾಡುತ್ತೇನೆ. ಒಂದೇ ತಂಡಕ್ಕೆ ಎಂಟೋ ಅದಕ್ಕಿಂತ ಹೆಚ್ಚೋ ಅಂಕದ ಲಾಭವಾದ ಜಾಮ್‌ಗಳನ್ನು ಪಕ್ಕಕ್ಕಿಟ್ಟು, ಉಳಿದ ಜಾಮ್‌ಗಳ ಅಂಕವನ್ನಷ್ಟೇ ಕೂಡುತ್ತೇನೆ. ಈ ಉಳಿದದ್ದು ಎರಡು ತಂಡಗಳ ದಿನನಿತ್ಯದ ಬಲಾಬಲ. ಪಕ್ಕಕ್ಕಿಟ್ಟ ಜಾಮ್‌ಗಳನ್ನು ಬೇರೆಯಾಗಿ ಓದಬೇಕು, ಯಾಕೆಂದರೆ ಅವುಗಳಲ್ಲಿ ಬಹುಪಾಲು ಹುಟ್ಟುವುದು ಪವರ್ ಜಾಮ್‌ನಿಂದ. ಅಂದರೆ ಒಂದು ತಂಡದ ಜಾಮರ್ ಬಾಕ್ಸ್‌ನಲ್ಲಿ ಕೂತಿರುತ್ತಾಳೆ, ಆ 30 ಸೆಕೆಂಡು ಇನ್ನೊಂದು ತಂಡದವಳು ಮಾತ್ರ ಅಂಕ ಗಳಿಸುತ್ತಿರುತ್ತಾಳೆ. ಲೀಡ್ ಸಿಕ್ಕಿದವಳೇ ಬಾಕ್ಸ್‌ಗೆ ಹೋದರೆ ಪೆಟ್ಟು ಇನ್ನೂ ದೊಡ್ಡದು. ಜಾಮ್ ನಿಲ್ಲಿಸುವ ಹಕ್ಕು ಅಲ್ಲಿಗೆ ಕೈತಪ್ಪುತ್ತದೆ, ಎದುರಾಳಿ 2 ನಿಮಿಷ ಪೂರ್ತಿ ಸುತ್ತುತ್ತಲೇ ಇರಬಹುದು.

ಈ ಸೀಸನ್‌ನ ಫೈನಲ್ ಕಪ್ಪು ತಂಡಕ್ಕೂ ಹಸಿರು ತಂಡಕ್ಕೂ. ಇವೆರಡು ಮೊದಲು ಎದುರಾದಾಗ ಕಪ್ಪು ತಂಡ ದೊಡ್ಡ ಅಂತರದಲ್ಲಿ ಗೆದ್ದಿತ್ತು. ಎಲ್ಲರ ಬಾಯಲ್ಲೂ ಈ ಸಲವೂ ಹಾಗೇ ಎಂಬ ಮಾತು. ಹಾಳೆ ಬಿಡಿಸಿದಾಗ ಬೇರೆ ಚಿತ್ರ ಕಂಡಿತು. ಆ ಅಂತರದ ಹೆಚ್ಚಿನ ಪಾಲು ಎರಡನೇ ಅರ್ಧದ ಬೆರಳೆಣಿಕೆಯ ಪವರ್ ಜಾಮ್‌ಗಳಲ್ಲಿ ಬಂದದ್ದು. ಉಳಿದ ಜಾಮ್‌ಗಳಲ್ಲಿ ಲೀಡ್ ಹೆಚ್ಚು ಸಲ ಸಿಕ್ಕಿದ್ದು ಹಸಿರು ತಂಡಕ್ಕೆ. ಅವರ ಜಾಮರ್ ಬೇಗ ಹೊರಬರುತ್ತಿದ್ದಳು, ನಾಲ್ಕು ಅಂಕ ತೆಗೆದುಕೊಂಡು, ಎದುರಾಳಿ ಜಾಮರ್ ಅಂಕಕ್ಕಾಗಿ ಬ್ಲಾಕರ್‌ಗಳ ಹತ್ತಿರ ಬರುವ ಮುಂಚೆ ಸೊಂಟ ತಟ್ಟುತ್ತಿದ್ದಳು. ಸಣ್ಣ ಸಣ್ಣ ಗೆಲುವುಗಳು. ನನ್ನ ಮುನ್ನೋಟದ ಪ್ರಶ್ನೆ ಆಗಲೇ ಸಿಕ್ಕಿತ್ತು. ಆ ಜಾಮರ್ ಎರಡನೇ ಅರ್ಧದಲ್ಲಿ ಬಾಕ್ಸ್‌ನಿಂದ ದೂರ ಉಳಿಯಬಲ್ಲಳೇ?

ಅದಕ್ಕೆ ಪೆನಾಲ್ಟಿ ಹಾಳೆ ಓದಬೇಕು. ಪ್ರತಿ ತಪ್ಪಿಗೂ ಒಂದು ಅಕ್ಷರವಿದೆ. ಬೆನ್ನಿಗೆ ಡಿಕ್ಕಿ ಹೊಡೆದರೆ ಬಿ, ಹೆಣೆದುಕೊಂಡು ತಡೆದರೆ ಎಂ, ಮುಂಗೈ ಬಳಸಿದರೆ ಎಫ್, ಟ್ರ್ಯಾಕ್‌ನಿಂದ ಹೊರಬಿದ್ದವರು ಇರಬೇಕಾದ ಜಾಗಕ್ಕಿಂತ ಮುಂದೆ ಒಳಬಂದರೆ ಎಕ್ಸ್. ಹಸಿರು ತಂಡದ ಜಾಮರ್ ಹೆಸರಿನ ಮುಂದೆ ಎಕ್ಸ್‌ಗಳೇ. ಅವು ಬಿದ್ದದ್ದೆಲ್ಲ ಕಪ್ಪು ತಂಡದ ಅದೇ ಇಬ್ಬರು ಬ್ಲಾಕರ್‌ಗಳು ಟ್ರ್ಯಾಕ್ ಮೇಲಿದ್ದಾಗ. ಇದು ಆಕಸ್ಮಿಕವಲ್ಲ. ಜಾಮರ್‌ನನ್ನು ಹೊರಗೆ ತಳ್ಳಿದ ಬ್ಲಾಕರ್ ಕೂಡಲೇ ಹಿಮ್ಮುಖವಾಗಿ, ಆಟದ ದಿಕ್ಕಿಗೆ ವಿರುದ್ಧವಾಗಿ ಸರಿಯುತ್ತಾಳೆ. ತಳ್ಳಿದವಳ ಹಿಂದಿನಿಂದಲೇ ಒಳಬರಬೇಕು ಎನ್ನುವುದು ನಿಯಮ, ಹಾಗಾಗಿ ಜಾಮರ್ ಕೂಡ ಅಷ್ಟೂ ದೂರ ಹಿಂದಕ್ಕೆ ಹೋಗಬೇಕು. ದಣಿದವಳು, ಅವಸರದಲ್ಲಿರುವವಳು ಒಂದು ಹೆಜ್ಜೆ ಮೊದಲೇ ಒಳಗೆ ಕಾಲಿಡುತ್ತಾಳೆ. ಶಿಳ್ಳೆ ಬೀಳುತ್ತದೆ. ಪ್ರೇಕ್ಷಕರ ಕಣ್ಣು ನಕ್ಷತ್ರದ ಮೇಲಿರುವುದರಿಂದ ಈ ಹಿಮ್ಮುಖ ಓಟ ಅವರಿಗೆ ಕಾಣುವುದೇ ಇಲ್ಲ. ಮುನ್ನೋಟದಲ್ಲಿ ನಾನು ಆ ಇಬ್ಬರು ಬ್ಲಾಕರ್‌ಗಳ ನಂಬರ್ ಕೊಟ್ಟು, ಜಾಮರ್ ಹೊರಬಿದ್ದ ಕ್ಷಣ ಇವರನ್ನು ನೋಡಿ ಎಂದು ಬರೆದೆ. ಓದುಗನ ಕಣ್ಣನ್ನು ಒಂದು ಸರಿಯಾದ ಜಾಗಕ್ಕೆ ತಿರುಗಿಸಿದರೆ ಅದು ಹತ್ತು ಭವಿಷ್ಯವಾಣಿಗಿಂತ ಉಪಯೋಗದ್ದು. ಗೆಲ್ಲುವವರು ಯಾರೆಂದು ನಾನು ಬರೆಯುವುದಿಲ್ಲ.

ಹಾಳೆಗಳು ಮುಗಿದ ಮೇಲೆ ಅಭ್ಯಾಸಕ್ಕೆ ಹೋಗುತ್ತೇನೆ, ಎರಡೂ ನಾಯಕಿಯರನ್ನು ಕೇಳಿಯೇ. ಒಂದೇ ಲೀಗಿನ ತಂಡಗಳ ಫೈನಲ್‌ಗೆ ಒಂದು ವಿಶೇಷವಿದೆ. ಇವರೆಲ್ಲ ವಾರವಿಡೀ ಒಂದೇ ನೆಲದಲ್ಲಿ ಒಟ್ಟಿಗೆ ಅಭ್ಯಾಸ ಮಾಡುವವರು. ಎರಡೂ ತಂಡದ ಒಳ್ಳೆಯ ಆಟಗಾರ್ತಿಯರು ಲೀಗಿನ ಪ್ರಾತಿನಿಧಿಕ ತಂಡದಲ್ಲಿ ಜೊತೆಯಾಗಿ ಬೇರೆ ಲೀಗಿನ ಎದುರು ಆಡಿರುತ್ತಾರೆ. ಯಾರು ಯಾವ ಕಾಲಿನ ಮೇಲೆ ಭಾರ ಹಾಕಿ ತಿರುಗುತ್ತಾರೆ, ಯಾರು ಒಳಗಿನ ಗೆರೆ ಹಿಡಿದು ಜಿಗಿಯುತ್ತಾರೆ ಎಂಬುದೆಲ್ಲ ಪರಸ್ಪರ ಗೊತ್ತು. ಹಾಗಾಗಿ ಫೈನಲ್‌ನಲ್ಲಿ ಹೊಸ ಅಸ್ತ್ರ ಹೊರಬರುವುದು ಅಪರೂಪ. ಹಳೆಯ ಅಸ್ತ್ರವನ್ನು ಯಾವಾಗ ತೆಗೆಯುತ್ತಾರೆ ಎಂಬುದಷ್ಟೇ ಪ್ರಶ್ನೆ. ಉದಾಹರಣೆಗೆ ಸ್ಟಾರ್ ಪಾಸ್. ಸಿಕ್ಕಿಬಿದ್ದ ಜಾಮರ್ ತನ್ನ ನಕ್ಷತ್ರದ ಕವರನ್ನು ಪಟ್ಟೆಯ ಕವರ್ ಹಾಕಿದ ಬ್ಲಾಕರ್, ಅಂದರೆ ಪಿವಟ್ ಕೈಗೆ ಕೊಟ್ಟರೆ ಆ ಕ್ಷಣದಿಂದ ಪಿವಟ್ ಜಾಮರ್. ನೀಲಿ ತಂಡ ಇದನ್ನು ಮಾಡುತ್ತದೆ ಎಂದು ಇಡೀ ಲೀಗಿಗೆ ಗೊತ್ತು, ಆದರೂ ತಡೆಯುವುದು ಕಷ್ಟ.

ಅಭ್ಯಾಸದಲ್ಲಿ ಕಂಡದ್ದನ್ನೆಲ್ಲ ಬರೆಯಲಾಗದು. ಪಂದ್ಯದಲ್ಲಿ ಈಗಾಗಲೇ ಬಯಲಾದ ತಂತ್ರವನ್ನಷ್ಟೇ ಬರೆಯುತ್ತೇನೆ. ಗಾಯದ ಸುದ್ದಿಯನ್ನು ಆ ಆಟಗಾರ್ತಿಯೇ ಹೇಳು ಎನ್ನದ ಹೊರತು ಮುಟ್ಟುವುದಿಲ್ಲ, ತಲೆಗೆ ಬಿದ್ದ ಪೆಟ್ಟಿನ ವಿಷಯವನ್ನಂತೂ ಮುಟ್ಟುವುದೇ ಇಲ್ಲ. ಡರ್ಬಿಯಲ್ಲಿ ಪ್ರತಿಯೊಬ್ಬರೂ ತಾವೇ ಇಟ್ಟುಕೊಂಡ ಆಟದ ಹೆಸರು, ನಂಬರ್ ಹೊತ್ತು ಇಳಿಯುತ್ತಾರೆ. ಮನೆಯ ಹೆಸರು, ಉದ್ಯೋಗ ನನ್ನ ಬರಹಕ್ಕೆ ಬೇಡ. ರೆಫರಿಗಳನ್ನೂ ತಂಡಗಳ ಬಗ್ಗೆ ಕೇಳುವುದಿಲ್ಲ. ಟ್ರ್ಯಾಕ್ ಮೇಲೆ ಏಳು ಜನರವರೆಗೆ ಸ್ಕೇಟ್ ಹಾಕಿದ ರೆಫರಿಗಳು ಇರುತ್ತಾರೆ. ಅವರ ಬಾಯಿಂದ ಒಂದು ಮಾತು ಹೊರಬಿದ್ದರೂ ಅವರ ತಟಸ್ಥತೆಗೆ ಧಕ್ಕೆ.

ನಾಯಕಿಯರ ಜೊತೆ ಮಾತಾಡುವಾಗ ಹೇಗೆ ಗೆಲ್ಲುತ್ತೀರಿ ಎಂದು ಕೇಳಿದರೆ ಸಿಗುವುದು ಎಲ್ಲ ಆಟದಲ್ಲೂ ಸಿಗುವ ಉತ್ತರ. ನನ್ನ ಪುಸ್ತಕದ ಒಂದು ಸಾಲು ತೋರಿಸಿ, ಈ ಜಾಮ್‌ನಲ್ಲಿ ಏನಾಯಿತು ಹೇಳಿ ಎನ್ನುತ್ತೇನೆ. ಆಗ ಕೈ ಮೇಜಿನ ಮೇಲೆ ಟ್ರ್ಯಾಕ್ ಬರೆಯಲು ಶುರುಮಾಡುತ್ತದೆ. ಇಲ್ಲಿ ಜಾಗ ಬಿಟ್ಟಿತು, ಇವಳು ಹೊರಗೆರೆಗೆ ಸರಿದಳು, ನಮ್ಮವರಿಬ್ಬರು ಬಾಕ್ಸ್‌ನಲ್ಲಿದ್ದರು, ಗೋಡೆಗೆ ಇದ್ದದ್ದು ಇಬ್ಬರೇ. ಇಂಥ ಮಾತು ಬಂದರೆ ಬರಹ ತಾನಾಗಿ ಬೆಳೆಯುತ್ತದೆ.

ಮೂರನೇ ಸ್ಥಾನದ ಪಂದ್ಯವನ್ನು ಎರಡು ಸಾಲಿನಲ್ಲಿ ಮುಗಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದಕ್ಕೂ ಫೈನಲ್‌ನಷ್ಟೇ ಜಾಗ ಕೊಡುತ್ತೇನೆ. ಒಂದು ಪಂದ್ಯಕ್ಕೆ ತಂಡದಲ್ಲಿ ಹೆಚ್ಚೆಂದರೆ 15 ಜನರಿಗೆ ಅವಕಾಶ. ಪ್ರಶಸ್ತಿಯ ಒತ್ತಡವಿಲ್ಲದ ಕಡೆ ತರಬೇತುದಾರರು ಆ ಹದಿನೈದರಲ್ಲಿ ಹೊಸಬರಿಗೆ ಜಾಗ ಕೊಡುತ್ತಾರೆ, ವರ್ಷವಿಡೀ ಬ್ಲಾಕರ್ ಆಗಿದ್ದವಳ ಹೆಲ್ಮೆಟ್‌ಗೆ ನಕ್ಷತ್ರ ಹಾಕಿ ನೋಡುತ್ತಾರೆ. ಸ್ಕೇಟ್ ಬಿಚ್ಚಿಡಲು ತೀರ್ಮಾನಿಸಿದ ಹಿರಿಯ ಆಟಗಾರ್ತಿಯ ಕೊನೆಯ ಪಂದ್ಯವೂ ಅದೇ ಆಗಿರಬಹುದು. ಈ ಸಲ ಕೆಂಪು ತಂಡದಲ್ಲಿ ಅಂಥವರೊಬ್ಬರಿದ್ದಾರೆ. ಅವರ ಅಂಕ ಎಲ್ಲೂ ದಾಖಲಾಗಿಲ್ಲ, ಯಾಕೆಂದರೆ ಅವರು ಒಮ್ಮೆಯೂ ಜಾಮರ್ ಆಗಲಿಲ್ಲ. ಆದರೆ ಅವರು ಟ್ರ್ಯಾಕ್ ಮೇಲಿದ್ದ ಜಾಮ್‌ಗಳನ್ನು ಬೇರೆ ತೆಗೆದು ಕೂಡಿದರೆ, ಎದುರಾಳಿಗಳು ಗಳಿಸಿದ್ದು ಉಳಿದ ಜಾಮ್‌ಗಳಿಗಿಂತ ಸ್ಪಷ್ಟವಾಗಿ ಕಡಿಮೆ. ಹಾಳೆಯಿಂದ ಇದನ್ನು ತೆಗೆದು ಬರೆದಾಗ ನನಗಾದ ತೃಪ್ತಿ ಫೈನಲ್ ಭಾಗ ಬರೆದಾಗಲೂ ಆಗಲಿಲ್ಲ.

ಇಂಥವರ ಬಗ್ಗೆ ಕಾಳಜಿಯಿಂದ ಬರೆಯಲು ಇನ್ನೊಂದು ಕಾರಣ ಈ ಆಟ ಬೆಳೆದ ರೀತಿ. 1935ರಲ್ಲಿ ಶಿಕಾಗೋದಲ್ಲಿ ಲಿಯೋ ಸೆಲ್ಟ್ಜರ್ ಶುರುಮಾಡಿದ್ದು ದಿನಗಟ್ಟಲೆ ಸಾಗುವ ಸಹನೆಯ ಓಟ, ಒಬ್ಬ ಉದ್ಯಮಿಯ ಪ್ರದರ್ಶನ. ಈಗಿನ ಡರ್ಬಿ 2000ದ ದಶಕದ ಆರಂಭದಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹೆಂಗಸರು ಕಟ್ಟಿದ್ದು. ಚಪ್ಪಟೆ ನೆಲದ ಮೇಲೆ ಟ್ರ್ಯಾಕ್ ಗುರುತು ಹಾಕಿ ಆಡುವ ಬಗೆ ಬೇಗ ಹರಡಿತು, ಮಹಿಳೆಯರ ಫ್ಲ್ಯಾಟ್ ಟ್ರ್ಯಾಕ್ ಸಂಘ 2004ರಲ್ಲಿ ಹುಟ್ಟಿತು. ಆಡುವವರೇ ಲೀಗ್ ನಡೆಸುತ್ತಾರೆ. ಟಿಕೆಟ್ ಮಾರುವವರು, ನೆಲ ಗುಡಿಸುವವರು, ಟೇಪ್ ಅಂಟಿಸುವವರು ಅವರೇ. ಕೊನೆಯ ಸಂಜೆಯ ಟಿಕೆಟ್ ಹಣ ಮುಂದಿನ ಸೀಸನ್‌ನ ಬಾಡಿಗೆಗೆ ಆಸರೆ. ನನ್ನ ಮುನ್ನೋಟ ಓದಿ ನಾಲ್ಕು ಜನ ಹೆಚ್ಚಿಗೆ ಬಂದರೆ ಅದು ಲೀಗಿಗೆ ನಾನು ಮಾಡಿದ ಸಹಾಯ.

ನೆಲವನ್ನೂ ಮರೆಯಬಾರದು. ಕೊನೆಯ ಪಂದ್ಯಗಳಿಗೆ ದೊಡ್ಡ ಸಭಾಂಗಣ ಹಿಡಿದಾಗ ಅಲ್ಲಿನ ನೆಲ ಅಭ್ಯಾಸದ ನೆಲದಂತಿರುವುದಿಲ್ಲ. ಪಾಲಿಶ್ ಮಾಡಿದ ಕಾಂಕ್ರೀಟ್ ಜಾರುತ್ತದೆ, ಅದಕ್ಕೆ ಮೆದು ಚಕ್ರ ಬೇಕು. ಹಿಡಿತವಿರುವ ನೆಲದಲ್ಲಿ ಗಟ್ಟಿ ಚಕ್ರ ಓಡುತ್ತದೆ. ಜಾರುವ ನೆಲದಲ್ಲಿ ತಟ್ಟನೆ ನಿಂತು ದಿಕ್ಕು ಬದಲಿಸುವ ಜಾಮರ್‌ಗೆ ಕಷ್ಟ, ಭಾರ ಹಾಕಿ ತಳ್ಳಿಕೊಂಡು ಹೋಗುವವಳಿಗೆ ಅಷ್ಟು ತೊಂದರೆಯಿಲ್ಲ. ಇದಕ್ಕೆ ಒಂದು ಪ್ಯಾರಾ ಸಾಕು.

ಆಟಗಾರ್ತಿಯರ ಪಟ್ಟಿ ಕೊನೆಯ ಗಳಿಗೆಯಲ್ಲಿ ಬದಲಾಗುತ್ತದೆ ಎಂದುಕೊಂಡೇ ಬರೆಯಬೇಕು. ಒಬ್ಬಳ ಮೇಲೆ ಇಡೀ ಬರಹ ನಿಲ್ಲಿಸಿದರೆ ಅವಳು ಬಾರದ ದಿನ ಬರಹವೂ ಬೀಳುತ್ತದೆ. ಹಸಿರು ತಂಡದ ಜಾಮರ್ ಬಗ್ಗೆ ಬರೆದಾಗಲೂ, ಅವಳಿಲ್ಲದಿದ್ದರೆ ನಕ್ಷತ್ರ ಯಾರಿಗೆ ಹೋಗುತ್ತದೆ, ಅವರ ಲೀಡ್ ಲೆಕ್ಕ ಹೇಗಿದೆ ಎಂದು ಜೊತೆಗೇ ಸೇರಿಸಿದ್ದೆ.

ಕೊನೆಯ ಪ್ಯಾರಾದಲ್ಲಿ ಪ್ರತಿ ಸಲವೂ ಗಡಿಯಾರದ ವಿಷಯ ಬರೆಯುತ್ತೇನೆ, ಹೊಸಬರು ಬೇಗ ಎದ್ದುಬಿಡುತ್ತಾರೆ ಎಂಬ ಕಾರಣಕ್ಕೆ. ಗಡಿಯಾರದಲ್ಲಿ ಒಂದು ಸೆಕೆಂಡು ಉಳಿದಿರುವಾಗ ಜಾಮ್ ಶುರುವಾದರೂ ಅದು ಪೂರ್ತಿ ನಡೆಯುತ್ತದೆ, ಸೊನ್ನೆ ಬಂದರೆ ನಿಲ್ಲುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ. ಜಾಮ್ ಮುಗಿದಾಗ 30 ಸೆಕೆಂಡಿಗಿಂತ ಕಡಿಮೆ ಉಳಿದಿದ್ದರೆ ಬಿಡುವಿನಲ್ಲೇ ಸಮಯ ಮುಗಿದು ಪಂದ್ಯ ಮುಗಿಯುತ್ತದೆ. ಹಿಂದೆ ಬಿದ್ದ ತಂಡ ಆಗ ಟೈಮ್‌ಔಟ್ ಕೇಳಿದರೆ ಗಡಿಯಾರ ನಿಲ್ಲುತ್ತದೆ, ಇನ್ನೊಂದು ಜಾಮ್ ಸಿಗುತ್ತದೆ. ಒಂದು ತಂಡಕ್ಕೆ ಇಡೀ ಪಂದ್ಯಕ್ಕೆ ಮೂರೇ ಟೈಮ್‌ಔಟ್. ಕಪ್ಪು ತಂಡ ತನ್ನದನ್ನು ಬೇಗ ಬೇಗ ಖರ್ಚು ಮಾಡುತ್ತದೆ, ಹಸಿರು ತಂಡ ಒಂದನ್ನಾದರೂ ಕೊನೆಗೆ ಉಳಿಸಿಕೊಳ್ಳುತ್ತದೆ. ಸೀಸನ್‌ನ ಹಾಳೆಗಳಲ್ಲಿ ಇದು ಉದ್ದಕ್ಕೂ ಕಾಣುತ್ತದೆ. ಅಂತರ ಇಪ್ಪತ್ತರೊಳಗಿದ್ದರೆ ಕೊನೆಯ ಐದು ನಿಮಿಷ ಅಂಕಫಲಕದಲ್ಲಿ ಟೈಮ್‌ಔಟ್ ಎಷ್ಟು ಉಳಿದಿದೆ ಎಂದು ನೋಡುತ್ತಿರಿ ಎಂದು ಬರೆದು ಕಳಿಸಿದೆ.